ಎಡಕ್ಕಿಟ್ಟ ಕಲ್ಲುಗುಡ್ಡೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕತೆಯನ್ನು ನಮ್ಮ ಗುರುಗಳು ಹೇಳಿದಾಗ ಅದು ಚಿಕ್ಕದಾಗಿತ್ತು. ಅವರು ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿರಲಿಲ್ಲ. ನಾನು ಬರೆಯಲು ಕುಳಿತರೆ ಅದೇ ಕತೆ ಉದ್ದವಾಗುತ್ತದೆ. ಓದುವವರಿಗೆ ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ನಡುನಡುವೆ ವಿವರಣೆ ಸೇರಿಸುತ್ತೇನೆ. ಹಿಂದೆ ಏನನ್ನೂ ಬರೆದವನಲ್ಲ ನಾನು. ಕೆಟ್ಟಿದ್ದರೆ ಅದು ನನ್ನ ಕೈಯ ತಪ್ಪು, ಕತೆಯದಲ್ಲ.

ಪ್ರಶ್ನೆ ಕೇಳಿದವನು ಶಾಂತಮಲ್ಲ. ಗುರುಗಳ ಶಿಷ್ಯ. ಮಠದ ಬಾಗಿಲು ನೋಡಿಕೊಳ್ಳುವುದು ಆಗ ಅವನ ಕೆಲಸವಾಗಿತ್ತು. ಬಾಗಿಲು ನೋಡಿಕೊಳ್ಳುವುದು ಎಂದರೆ ತೆರೆದು ಮುಚ್ಚುವುದಷ್ಟೇ ಅಲ್ಲ. ಬಂದವರನ್ನು ಕೂರಿಸಬೇಕು. ಯಾರು ಮೊದಲು, ಯಾರು ಆಮೇಲೆ ಎಂದು ಹೇಳಬೇಕು. ಗುರುಗಳಿಗೆ ದಣಿವಾದ ದಿನ ಉಳಿದವರನ್ನು ಒಳ್ಳೆಯ ಮಾತಿನಲ್ಲಿ ಹಿಂದಕ್ಕೆ ಕಳಿಸಬೇಕು.

ಶಾಂತಮಲ್ಲ ಕೆಟ್ಟವನಲ್ಲ. ಇದನ್ನೂ ಹೇಳಿಬಿಡಬೇಕು. ಬೆಳಗಿನಿಂದ ಅವನು ನಿಂತೇ ಇರುತ್ತಿದ್ದ. ಜನ ಬರುತ್ತಲೇ ಇರುತ್ತಿದ್ದರು. ಮಗಳ ಮದುವೆ, ಎಮ್ಮೆಯ ಕಾಯಿಲೆ, ಅಣ್ಣತಮ್ಮಂದಿರ ಜಗಳ, ಎಲ್ಲವನ್ನೂ ಗುರುಗಳಿಗೆ ಹೇಳುವ ಮೊದಲು ಬಾಗಿಲಲ್ಲಿ ಒಮ್ಮೆ ಅವನಿಗೆ ಹೇಳುತ್ತಿದ್ದರು. ಎಲ್ಲರ ಮಾತನ್ನೂ ಕೇಳಬೇಕು, ಯಾವುದಕ್ಕೂ ಉತ್ತರ ಕೊಡುವ ಹಾಗಿಲ್ಲ. ಅದು ಸುಲಭದ ಕೆಲಸವಲ್ಲ.

ಅಂದು ಮಂಗಳವಾರ. ಜನ ಇರಲಿಲ್ಲ. ಗುರುಗಳು ಪಡಸಾಲೆಯಲ್ಲಿ ಕುಳಿತಿದ್ದರು. ನಾನು ಅಡುಗೆಮನೆಯ ಹೊಸ್ತಿಲ ಬಳಿ ಹಾಲು ಕಾಯುತ್ತಿದ್ದೆ. ಶಾಂತಮಲ್ಲ ಬಂದು ಅವರ ಎದುರು ಕುಳಿತ. ಮಠದ ಹಿಂದಿನ ಬೆಟ್ಟದ ಬೆನ್ನಿನಲ್ಲಿ ಒಂದು ಗುಡಿಸಲು ಹಾಕಿಕೊಳ್ಳಲು ಅಪ್ಪಣೆ ಬೇಕು ಎಂದ. ಅಲ್ಲಿಗೆ ಯಾರೂ ಬರುವುದಿಲ್ಲ, ಬೆಳಗ್ಗೆ ಸಂಜೆ ಬೆಟ್ಟದ ಮೇಲೆ ಒಬ್ಬನೇ ನಡೆಯುತ್ತೇನೆ, ಉಳಿದ ಹೊತ್ತು ಸುಮ್ಮನಿರುತ್ತೇನೆ ಎಂದ. ಜನರ ಕಾಟವನ್ನು ಒಂದೊಂದಾಗಿ ಹೇಳಿದ. ನಿನ್ನೆಯ ವಿಷಯವನ್ನೂ ಹೇಳಿದ. ನಿನ್ನೆ ದುಂಡಮ್ಮ ಎಂಬ ಮುದುಕಿ ಸೊಸೆಯ ಜೊತೆ ಬಂದಿದ್ದಳು. ಸೋಮವಾರ ಬಾ ಎಂದು ಬುದ್ಧಿಯವರೇ ಹೇಳಿದ್ದಾರೆ ಎಂದು ಪಟ್ಟು ಹಿಡಿದಳು. ಹೊತ್ತು ಮೀರಿತ್ತು. ಹಾಗೆ ಯಾರೂ ಹೇಳಿಲ್ಲ ಎಂದು ಹೇಳಿ ಅವಳನ್ನು ಕಳಿಸಿದ್ದಾಯಿತು.

ನಮ್ಮ ಕಡೆ ಮಠದ ಸ್ವಾಮಿಗಳನ್ನು ಬುದ್ಧಿ ಎಂದು ಕರೆಯುತ್ತಾರೆ. ಬೇರೆ ಕಡೆಯವರಿಗೆ ಗೊತ್ತಿರಲಿ ಎಂದು ಬರೆದೆ.

'ಆ ತಾಯಿ ಏನೆಂದಳು?' ಎಂದು ಗುರುಗಳು ಕೇಳಿದರು.

'ಏನೂ ಅನ್ನಲಿಲ್ಲ ಬುದ್ಧಿ. ಹಾಗಾದರೆ ನನಗೇ ಮರೆವು ಇರಬೇಕು ಅಂದಳು. ಸೊಸೆ ನಕ್ಕಳು. ಇಬ್ಬರೂ ಹೋದರು.'

ಆಮೇಲೆ ತನ್ನ ಪ್ರಶ್ನೆ ಕೇಳಿದ. 'ಜನರಿಂದ ದೂರ, ಯಾರೂ ಬಾರದ ಬೆಟ್ಟದ ಮೇಲೆ ಇರಲು ಆಸೆಪಡುವುದು ತಪ್ಪೇ ಬುದ್ಧಿ?'

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಕಂಚುಗಾರ ಎಂದರೆ ಕಂಚು ತಾಮ್ರಗಳನ್ನು ಬಡಿದು ಪಾತ್ರೆ ಮಾಡುವವನು. ಅವನ ಬೀದಿಯಲ್ಲಿ ಎಲ್ಲರದೂ ಅದೇ ಕಸುಬು. ಬೆಳಗಾದರೆ ಬಡಿತ, ಸಂಜೆಯಾದರೂ ಬಡಿತ. ಊಟಕ್ಕೆ ಕುಳಿತಾಗಲೂ ಅವನ ಕಿವಿಯಲ್ಲಿ ಸುತ್ತಿಗೆ ನಿಲ್ಲುತ್ತಿರಲಿಲ್ಲ.

ಊರ ಪಕ್ಕದಲ್ಲಿ ಬೆಟ್ಟವಿತ್ತು. ಬೆಟ್ಟದ ಮೇಲೆ ಗುಡಿ, ಗುಡಿಗೆ ಮೆಟ್ಟಿಲುಗಳ ದಾರಿ. ಬಿಡುವಿನ ದಿನ ಕಂಚುಗಾರ ಬೆಟ್ಟ ಹತ್ತಿದ. ಮೆಟ್ಟಿಲ ತುಂಬ ಜನ. ಮಜ್ಜಿಗೆಯವರು, ಕಡಲೆಪುರಿಯವರು, ಹತ್ತುವವರು, ಇಳಿಯುವವರು. ಬೀದಿಯಲ್ಲಿ ಸುತ್ತಿಗೆ, ಇಲ್ಲಿ ಬಾಯಿ ಎಂದುಕೊಂಡ. ಅರ್ಧಕ್ಕೇ ದಾರಿ ಬಿಟ್ಟು ಪಕ್ಕದ ಬಂಡೆಯ ಮೇಲೆ ಕುಳಿತ.

ಅಲ್ಲಿ ಒಬ್ಬ ಕುರಿಗಾಹಿ ಕುರಿ ಮೇಯಿಸುತ್ತಿದ್ದ. ಸದ್ದಿಲ್ಲದ ಜಾಗ ಎಲ್ಲಿದೆಯೆಂದು ಕಂಚುಗಾರ ಅವನನ್ನು ಕೇಳಿದ. ಬಡಿತದ ನಡುವೆ ಇದ್ದೂ ಇದ್ದೂ ಅವನಿಗೆ ಕೂಗಿ ಮಾತಾಡುವುದೇ ಅಭ್ಯಾಸವಾಗಿತ್ತು. ಕುರಿಗಳು ಬೆದರಿ ದೂರ ಸರಿದವು.

'ಮೆಲ್ಲಗೆ ಕಂಚುಗಾರರೇ' ಎಂದ ಕುರಿಗಾಹಿ. 'ಸದ್ದನ್ನು ನೀವೇ ಹೊತ್ತು ತಂದಿದ್ದೀರಿ. ಬನ್ನಿ, ಇಳಿಸುವ ಜಾಗ ತೋರಿಸುತ್ತೇನೆ.'

ಕುರಿಗಾಹಿ ಅವನನ್ನು ಬೆಟ್ಟದ ಬೆನ್ನಿಗೆ ಕರೆದೊಯ್ದ. ಬೆನ್ನು ಎಂದರೆ ಬೆಟ್ಟದ ಎರಡು ಇಳಿಜಾರುಗಳು ಮೇಲೆ ಕೂಡುವ ಉದ್ದನೆಯ ಜಾಗ. ಮಲಗಿದ ಎತ್ತಿನ ಬೆನ್ನಿನ ಮೇಲೆ ಇರುವೆ ನಡೆದ ಹಾಗೆ ಅದರ ಮೇಲೆ ನಡೆಯಬಹುದು. ಅಲ್ಲಿ ಗುಡಿಯಿಲ್ಲ, ಅಂಗಡಿಯಿಲ್ಲ. ಗಾಳಿ, ಹುಲ್ಲು, ಬಂಡೆ ಇಷ್ಟೇ. ಕಂಚುಗಾರ ನಡೆದ. ನಡೆಯುತ್ತ ನಡೆಯುತ್ತ ಅವನ ಕಿವಿಯ ಸುತ್ತಿಗೆ ನಿಂತಿತು. ಅವನು ನಿಂತು ಅತ್ತುಬಿಟ್ಟ ಎಂದು ಗುರುಗಳು ಹೇಳಿದರು. ಇದನ್ನು ನಾನು ಸೇರಿಸಿದ್ದಲ್ಲ.

ಬೆನ್ನಿನ ದಾರಿ ಒಂದು ಕಡೆ ಹಾಸುಬಂಡೆಯ ಮೇಲೆ ಹಾಯುತ್ತಿತ್ತು. ಬಂಡೆಯ ಮೇಲೆ ಹೆಜ್ಜೆಯ ಗುರುತು ಬೀಳುವುದಿಲ್ಲ. ಅಲ್ಲಿಂದ ಬಲಕ್ಕೆ ಹೋದರೆ ಬೆನ್ನು ಮುಂದುವರಿಯುತ್ತದೆ. ಎಡಕ್ಕೆ ಹೋದರೆ ಒಂದು ಕೊರಕಲು ಇಳಿದು ಮತ್ತೆ ಮೆಟ್ಟಿಲ ದಾರಿಗೆ ಸೇರುತ್ತದೆ. ಅದಕ್ಕಾಗಿ ಬಂಡೆಯ ಬಲಬದಿಯಲ್ಲಿ ಕಲ್ಲುಗಳ ಒಂದು ಗುಡ್ಡೆ ಇತ್ತು. ಮಂಜು ಕವಿದಾಗ ಕುರಿಗಾಹಿಗಳಿಗೆ ಅದೇ ಕಣ್ಣು.

ಆ ಗುಡ್ಡೆಗೆ ಒಂದು ಕಟ್ಟಳೆ ಇತ್ತು. ಕತೆ ನಿಂತಿರುವುದು ಇದರ ಮೇಲೆಯೇ. ಹಾದುಹೋಗುವವರು ಗುಡ್ಡೆಯ ಮೇಲೆ ಒಂದು ಕಲ್ಲು ಇಡಬೇಕು. ಇಟ್ಟು, ಒಮ್ಮೆ ಕೂ ಹಾಕಿ, ಉತ್ತರ ಬರುತ್ತದೆಯೇ ಎಂದು ಕಾಯಬೇಕು. ಬೆನ್ನಿನ ಮೇಲೆ ಯಾರಾದರೂ ಬಿದ್ದಿದ್ದರೆ, ದಾರಿ ತಪ್ಪಿದ್ದರೆ, ಅವರಿಗೆ ಅದು ಕೇಳಿಸುತ್ತದೆ. ಉತ್ತರ ಬಾರದಿದ್ದರೆ ಎಲ್ಲರೂ ಕ್ಷೇಮ ಎಂದು ತಿಳಿದು ಮುಂದೆ ಹೋಗಬೇಕು. ಇಟ್ಟ ಕಲ್ಲನ್ನು ತೆಗೆಯಬಾರದು ಎಂಬ ಕಟ್ಟಳೆ ಮಾತ್ರ ಇರಲಿಲ್ಲ. ಯಾಕೆಂದರೆ ಅದನ್ನು ಯಾರಾದರೂ ತೆಗೆದಾರು ಎಂದು ಯಾರಿಗೂ ಹೊಳೆದಿರಲಿಲ್ಲ.

ಕಂಚುಗಾರ ವಾರ ವಾರವೂ ಬಂದ. ಕಲ್ಲು ಇಟ್ಟ, ಕೂ ಹಾಕಿದ. ಕುರಿಗಾಹಿಯೂ ಅವನೂ ಗೆಳೆಯರಾದರು. ಮಾತಾಡದೆ ಗಂಟೆಗಟ್ಟಲೆ ನಡೆಯುವಷ್ಟು ಗೆಳೆಯರು.

ಬೇಸಿಗೆ ಬಂತು. ಬೆನ್ನಿನ ಹುಲ್ಲು ಒಣಗಿತು. ಕುರಿಗಾಹಿ ಕುರಿಗಳನ್ನು ಹೊಡೆದುಕೊಂಡು ಬೆಟ್ಟದ ಆಚೆ ತಪ್ಪಲಿಗೆ ಇಳಿದ. ಪ್ರತಿ ವರ್ಷವೂ ಹೀಗೆಯೇ. ಮಳೆ ಬಿದ್ದ ಮೇಲೆಯೇ ಅವನು ಮೇಲೆ ಬರುವುದು.

ಆ ಬೇಸಿಗೆಯಲ್ಲಿ ಮೆಟ್ಟಿಲ ದಾರಿಯ ಜನರಲ್ಲಿ ಕೆಲವರು ಬೆನ್ನಿನ ದಾರಿ ಹಿಡಿದರು. ಒಂದು ದಿನ ಕಂಚುಗಾರ ಹೋದಾಗ ಅವನು ಕೂರುವ ಜಾಗದಲ್ಲಿ ಒಂದು ಸಂಸಾರ ಕುಳಿತು ಚಿತ್ರಾನ್ನ ತಿನ್ನುತ್ತಿತ್ತು. ಅವರು ನಗುತ್ತಿದ್ದರು. ಅವನನ್ನು ಕರೆದು ಅವನಿಗೂ ಒಂದು ಎಲೆ ಹಾಕಿದರು. ಅವನು ತಿಂದ. ಚೆನ್ನಾಗಿತ್ತು. ತಿನ್ನುತ್ತಿರುವಾಗಲೇ ಅವನಿಗೆ ಸಿಟ್ಟು ಬಂತು. ಇವರು ಇನ್ನೊಬ್ಬರಿಗೆ ಹೇಳುತ್ತಾರೆ, ಆ ಇನ್ನೊಬ್ಬರು ಮತ್ತೊಬ್ಬರಿಗೆ ಹೇಳುತ್ತಾರೆ, ಆಮೇಲೆ ಇಲ್ಲಿಗೂ ಮಜ್ಜಿಗೆಯವರು ಬರುತ್ತಾರೆ, ತನ್ನ ಕಿವಿಗೆ ಮತ್ತೆ ಜಾಗವಿಲ್ಲ ಎಂದು ಯೋಚಿಸಿದ.

ಅವರು ಹೋದ ಮೇಲೆ ಅವನು ಹಾಸುಬಂಡೆಯ ಬಳಿಗೆ ಬಂದ. ಗುಡ್ಡೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಎಡಬದಿಗೆ ಸಾಗಿಸಿದ. ಅಲ್ಲಿ ಅದೇ ಎತ್ತರಕ್ಕೆ, ಅದೇ ಆಕಾರಕ್ಕೆ ಕಟ್ಟಿದ. ಕೈಕೆಲಸದವನು, ಚೆನ್ನಾಗಿಯೇ ಕಟ್ಟಿದ.

ಮುಂದಿನ ವಾರ ಜನ ಬಂದರು. ಬಂಡೆಯವರೆಗೆ ಬಂದು, ಗುಡ್ಡೆ ಎಡಕ್ಕಿರುವುದನ್ನು ಕಂಡು, ಕಲ್ಲಿಟ್ಟು, ಕೂ ಹಾಕಿ, ಎಡಕ್ಕೆ ಇಳಿದು ಮೆಟ್ಟಿಲ ದಾರಿಗೆ ಸೇರಿದರು. ತಮ್ಮನ್ನು ಹಿಂದಕ್ಕೆ ಕಳಿಸಲಾಗಿದೆ ಎಂದು ಅವರಿಗೆ ತಿಳಿಯಲೇ ಇಲ್ಲ. ಯಾರೂ ಬೀಳಲಿಲ್ಲ, ಯಾರೂ ಕಳೆದುಹೋಗಲಿಲ್ಲ, ಗುಡಿಗೆ ಹೋಗಬೇಕಾದವರು ಗುಡಿಗೆ ಹೋದರು, ಇದರಲ್ಲಿ ಯಾರಿಗೆ ಏನು ನಷ್ಟ ಎಂದು ಕಂಚುಗಾರ ಕೇಳಿಕೊಂಡ. ಕೇಳಿದವನೂ ಅವನೇ, ಉತ್ತರ ಹೇಳಿದವನೂ ಅವನೇ. ಆದ್ದರಿಂದ ಉತ್ತರ ಬೇಗ ಸಿಕ್ಕಿತು.

ಮಳೆ ಬಿತ್ತು. ಒಂದು ದಿನ ಅವನು ಬೆನ್ನಿನ ಮೇಲೆ ಇದ್ದಾಗ ಮಂಜು ಕವಿಯಿತು. ಒದ್ದೆ ಬಂಡೆಯ ಮೇಲೆ ಕಾಲು ಜಾರಿತು. ಹಾಸುಬಂಡೆಯಿಂದ ಬಲಕ್ಕೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಎರಡು ಕಲ್ಲುಗಳ ನಡುವೆ ಬಿದ್ದ. ಕಾಲು ಮುರಿದಿತ್ತು. ಏಳಲಾಗಲಿಲ್ಲ.

ಸಂಜೆಯಾದರೂ ಗಂಡ ಬರಲಿಲ್ಲವೆಂದು ಅವನ ಹೆಂಡತಿ ಕುರಿಗಾಹಿಗೆ ಹೇಳಿಕಳಿಸಿದಳು. ಅವನು ಆಚೆ ತಪ್ಪಲಿನಿಂದ ಆಗಷ್ಟೇ ಬಂದಿದ್ದ. ಆ ವರ್ಷ ಬೆನ್ನಿಗೆ ಇನ್ನೂ ಕಾಲಿಟ್ಟಿರಲಿಲ್ಲ. ಸುದ್ದಿ ಕೇಳಿ ಮಂಜಿನಲ್ಲಿಯೇ ಹತ್ತಿದ. ಹುಟ್ಟಿದಾಗಿನಿಂದ ನಡೆದ ದಾರಿ ಅದು. ಹಾಸುಬಂಡೆಗೆ ಬಂದಾಗ ಅವನ ಕಾಲು ತಾನಾಗಿ ಬಲಕ್ಕೆ ತಿರುಗಿತು. ಕೈ ಚಾಚಿ ನೋಡಿದ. ಅಲ್ಲಿ ಗುಡ್ಡೆ ಇರಲಿಲ್ಲ. ಬಂಡೆಯ ಮೇಲೆಲ್ಲ ತಡವಿದ. ಗುಡ್ಡೆ ಎಡಕ್ಕೆ ಸಿಕ್ಕಿತು.

ಇಲ್ಲಿ ಓದುವವರು ಕೇಳಬಹುದು, ದಾರಿ ಬಲ್ಲವನು ತನ್ನ ಕಾಲನ್ನು ನಂಬಿ ಬಲಕ್ಕೆ ಹೋಗಬೇಕಿತ್ತಲ್ಲ ಎಂದು. ನಾನೂ ಹಾಗೆಯೇ ಯೋಚಿಸಿದೆ. ಆದರೆ ಕುರಿಗಾಹಿಗಳಲ್ಲಿ ಹಾಗಿಲ್ಲ. ಮಂಜಿನಲ್ಲಿ ಕಾಲು ತಪ್ಪಬಹುದು, ಕಣ್ಣು ತಪ್ಪಬಹುದು, ಗುಡ್ಡೆ ತಪ್ಪುವುದಿಲ್ಲ. ಅದನ್ನು ಕಟ್ಟಿದ್ದು ಒಬ್ಬನಲ್ಲ, ಹಾದುಹೋದ ಎಲ್ಲರೂ. ಎಲ್ಲರನ್ನೂ ಬಿಟ್ಟು ತನ್ನನ್ನೊಬ್ಬನನ್ನೇ ನಂಬುವವನು ಬೆನ್ನಿನ ಮೇಲೆ ಬದುಕುವುದಿಲ್ಲ ಎಂದು ಅವರ ಹಿರಿಯರು ಕಲಿಸಿದ್ದರು.

ಕುರಿಗಾಹಿ ಗುಡ್ಡೆಯ ಬಳಿ ನಿಂತು ಕೂ ಹಾಕಿದ.

ಕಂಚುಗಾರನಿಗೆ ಅದು ಕೇಳಿಸಿತು. ಗಾಳಿ ಕುರಿಗಾಹಿಯ ಕಡೆಯಿಂದ ಅವನ ಕಡೆಗೆ ಬೀಸುತ್ತಿತ್ತು. ಇವನು ಕೂಗಿದ. ಕೂಗನ್ನು ಗಾಳಿ ಹಿಂದಕ್ಕೆ ಹೊತ್ತೊಯ್ದಿತು. ಹಳೆಯ ಜಾಗದಲ್ಲಿ, ಬಂಡೆಯ ಬಲಕ್ಕೆ ನಿಂತಿದ್ದರೆ ಕುರಿಗಾಹಿಗೆ ಕೇಳಿಸುತ್ತಿತ್ತು. ಎಡಬದಿ ತಗ್ಗಿನಲ್ಲಿದೆ, ಅಲ್ಲಿಗೆ ಕೇಳಿಸಲಿಲ್ಲ. ಕುರಿಗಾಹಿ ಬಹಳ ಹೊತ್ತು ಕಾದ. ಕಟ್ಟಳೆಗಿಂತ ಹೆಚ್ಚು ಹೊತ್ತು ಕಾದ. ಮತ್ತೆ ಮತ್ತೆ ಕೂ ಹಾಕಿದ. ಕೊನೆಗೆ ಗುಡ್ಡೆಯ ಮೇಲೆ ಒಂದು ಕಲ್ಲಿಟ್ಟ. ಕಲ್ಲಿಗೆ ಕಲ್ಲು ತಾಗಿದ ಸದ್ದು ಕೂಡ ಕಂಚುಗಾರನಿಗೆ ಕೇಳಿಸಿತು. ಜೀವಮಾನವೆಲ್ಲ ಸದ್ದು ಕೇಳಿದ ಕಿವಿ, ಅದು ಯಾವ ಸದ್ದು ಎಂದು ಅವನಿಗೆ ಗೊತ್ತಾಯಿತು. ಆಮೇಲೆ ಹೆಜ್ಜೆಗಳು ಎಡಕ್ಕೆ ಇಳಿದುಹೋದವು.

ಬೆಳಗಾಯಿತು. ಗಾಳಿ ನಿಂತಿತು. ಕಂಚುಗಾರ ನೀರಿಗೆಂದು ಒಂದು ತಾಮ್ರದ ತಂಬಿಗೆ ತಂದಿದ್ದ. ಕಲ್ಲು ತೆಗೆದುಕೊಂಡು ಅದನ್ನು ಬಡಿಯತೊಡಗಿದ. ಯಾವ ಸದ್ದಿನಿಂದ ಓಡಿಬಂದಿದ್ದನೋ ಅದೇ ಸದ್ದು. ಅದು ಮೆಟ್ಟಿಲ ದಾರಿಯವರೆಗೂ ಹೋಯಿತು. ಜನ ಸದ್ದನ್ನೇ ಹಿಡಿದು ಮುಳ್ಳುಕಂಟಿಯ ನಡುವೆ ನೇರವಾಗಿ ಹತ್ತಿಬಂದರು. ಮುಂದೆ ಬಂದವನು ಮಜ್ಜಿಗೆಯವನು. ಅವನ ಅಂಗಿ ಹರಿದಿತ್ತು.

'ಪಾತ್ರೆಯವರು ಇಲ್ಲೂ ಅಂಗಡಿ ತೆರೆದರಲ್ಲ ಎಂದುಕೊಂಡೆವು ಸ್ವಾಮಿ' ಎಂದು ಹೇಳಿ ಅವನು ಕಂಚುಗಾರನನ್ನು ಬೆನ್ನ ಮೇಲೆ ಹೊತ್ತುಕೊಂಡ.

ಕೆಲವು ದಿನಗಳಾದ ಮೇಲೆ ಕುರಿಗಾಹಿ ನೋಡಲು ಬಂದ. ಒಳಗೆ ಬರದೆ ಬಾಗಿಲ ಬಳಿಯೇ ಕುಳಿತ. ನಾನು ಬಂದಿದ್ದೆ, ಕೂಗಿದೆ, ನಿಮ್ಮನ್ನು ಅಲ್ಲಿಯೇ ಬಿಟ್ಟು ಇಳಿದುಹೋದೆ, ಕ್ಷಮಿಸಬೇಕು ಎಂದ. ಕಂಚುಗಾರ ಪರವಾಗಿಲ್ಲ ಎಂದ. ಕುರಿಗಾಹಿ ತಲೆ ತಗ್ಗಿಸಿಕೊಂಡೇ ಇದ್ದ. ಊರಿನವರೆಲ್ಲ ತನ್ನನ್ನು ನಂಬಿ ಕುರಿ ಬಿಡುತ್ತಾರೆ, ಮಂಜಿನಲ್ಲಿ ಅವುಗಳನ್ನು ನಡೆಸಬೇಕಾದವನು ತಾನು, ಈಗ ತನ್ನ ಮೇಲೆ ತನಗೇ ನಂಬಿಕೆ ಇಲ್ಲ ಎಂದ. ಆಮೇಲೆ ಕೇಳಿದ.

'ಕಂಚುಗಾರರೇ, ನನ್ನ ಕಾಲು ಗುಡ್ಡೆ ಬಲಕ್ಕಿದೆ ಎಂದಿತು. ನೋಡಿದರೆ ಎಡಕ್ಕಿದೆ. ಬೆನ್ನಿಗೆ ಕುರಿ ಹೊಡೆಯುವವನು ಈಗ ನಾನೊಬ್ಬನೇ, ಬೇಸಿಗೆಯಲ್ಲೂ ವಾರ ವಾರ ಹೋದವರು ನೀವು. ನೀವು ಹೇಳಿ. ಗುಡ್ಡೆ ಮೊದಲಿನಿಂದಲೂ ಎಡಕ್ಕೇ ಇತ್ತೇ?'

ಕಂಚುಗಾರ ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದ್ದರೆ ಕುರಿಗಾಹಿಗೆ ಅವನ ಕಾಲು ವಾಪಸು ಸಿಗುತ್ತಿತ್ತು. ಆದರೆ ಹೇಳಿದರೆ ತನ್ನ ಮಾನ ಹೋಗುತ್ತದೆ. ಗುಡ್ಡೆ ಮತ್ತೆ ಬಲಕ್ಕೆ ಬರುತ್ತದೆ. ಬೆನ್ನಿಗೆ ಮತ್ತೆ ಜನ ಬರುತ್ತಾರೆ. ಕಂಚುಗಾರ ಕಟ್ಟು ಕಟ್ಟಿದ ತನ್ನ ಕಾಲನ್ನು ನೋಡಿಕೊಂಡ.

'ಮೊದಲಿನಿಂದಲೂ ಎಡಕ್ಕೇ ಇತ್ತು' ಎಂದ.

ಕುರಿಗಾಹಿ ತಲೆಯಾಡಿಸಿದ. ಹಾಗಾದರೆ ನನ್ನ ತಲೆ ಕೆಟ್ಟಿತು, ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಊರವರ ಕುರಿಗಳನ್ನೆಲ್ಲ ಒಂದು ದಿನ ಪ್ರಪಾತಕ್ಕೆ ಇಳಿಸಿಬಿಡುತ್ತಿದ್ದೆ ಎಂದ. ಎದ್ದು ಹೋದ. ಕುರಿಗಳನ್ನು ಅವರವರಿಗೆ ಒಪ್ಪಿಸಿದ. ಬೆಟ್ಟದ ಬುಡದಲ್ಲಿ, ಮೆಟ್ಟಿಲು ಶುರುವಾಗುವಲ್ಲಿ, ಗುಡಿಗೆ ಹೋಗುವವರ ಚಪ್ಪಲಿ ಕಾಯಲು ಕುಳಿತ. ಜೀವಮಾನವೆಲ್ಲ ಬೆನ್ನಿನ ಮೇಲೆ ಒಬ್ಬನೇ ನಡೆದವನು ಜನರ ನಡುವೆ ಕುಳಿತ. ಅಲ್ಲಿ ಕಾಲು ತಪ್ಪುವ ಹೆದರಿಕೆ ಇರಲಿಲ್ಲ.

ಕಂಚುಗಾರನ ಕಾಲು ಕೂಡಿತು. ಸ್ವಲ್ಪ ಕುಂಟು ಉಳಿಯಿತು. ಅವನು ಕೋಲು ಹಿಡಿದು ಮತ್ತೆ ವಾರ ವಾರ ಬೆನ್ನಿಗೆ ಹೋಗತೊಡಗಿದ. ಈಗ ಅಲ್ಲಿಗೆ ಕುರಿಗಳೂ ಬರುವುದಿಲ್ಲ. ಯಾರೂ ಕೂ ಹಾಕುವುದಿಲ್ಲ. ಅವನು ಬಯಸಿದ್ದಕ್ಕಿಂತ ಹೆಚ್ಚು ಸದ್ದಿಲ್ಲದ ಜಾಗವಾಯಿತು ಅದು. ಆದರೆ ಅಲ್ಲಿಗೆ ಹೋಗಲು ಮೆಟ್ಟಿಲ ಬುಡವನ್ನು ದಾಟಿಯೇ ಹೋಗಬೇಕು. ಪ್ರತಿ ಸಲವೂ ಕುರಿಗಾಹಿ ಚಪ್ಪಲಿಗಳ ನಡುವಿನಿಂದ ಎದ್ದು ನಿಂತು ಕೈಮುಗಿಯುತ್ತಿದ್ದ. ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

'ಜೋಪಾನ ಕಂಚುಗಾರರೇ. ಮಂಜು ಬಂದರೆ ನೆನಪಿರಲಿ, ಗುಡ್ಡೆ ಎಡಕ್ಕಿದೆ.'

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಾಂತಮಲ್ಲ ಸ್ವಲ್ಪ ಹೊತ್ತು ಕಾದ. ಮುಂದೆ ಏನೋ ಬರುತ್ತದೆ ಎಂದುಕೊಂಡಿದ್ದ. ಬರಲಿಲ್ಲ. ಆ ಕಂಚುಗಾರ ಪಾಪಿ ಎಂದ. ಅಷ್ಟು ನಂಬಿದವನಿಗೆ, ನಿನ್ನ ನೆನಪು ಸರಿಯಾಗಿಯೇ ಇತ್ತು ಎಂದು ಒಂದು ಮಾತು ಹೇಳಲು ಅವನಿಗೆ ಏನಾಗಿತ್ತು ಎಂದು ಕೇಳಿದ. ನಿಜವಾದ ಸಿಟ್ಟಿನಿಂದಲೇ ಕೇಳಿದ.

ಗುರುಗಳು ಅವನ ಮುಖ ನೋಡಿದರು.

'ದುಂಡಮ್ಮನಿಗೆ ಸೋಮವಾರ ಬಾ ಎಂದು ಹೇಳಿದ್ದು ನಾನೇ.'

ಶಾಂತಮಲ್ಲ ಎದ್ದು ಹೊರಗೆ ಹೋದ.

ಕತೆ ಇಷ್ಟೇ. ಇಲ್ಲಿಗೆ ನಿಲ್ಲಿಸಬೇಕು ಎಂದು ನನಗೂ ಗೊತ್ತು. ಆದರೆ ಓದಿದವರಿಗೆ ಒಂದೆರಡು ವಿಷಯ ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಶಾಂತಮಲ್ಲ ಆ ದಿನವೇ ದುಂಡಮ್ಮನ ಊರಿಗೆ ಹೋದ. ಅಷ್ಟರಲ್ಲಿ ಸೊಸೆ ಅತ್ತೆಯ ಸೆರಗಿನಿಂದ ಬೀಗದ ಕೈ ಬಿಚ್ಚಿಕೊಂಡಿದ್ದಳು. ಅತ್ತೆಗೆ ಮರೆವು ಎಂದು ಅವಳು ಬಹಳ ದಿನದಿಂದ ಹೇಳುತ್ತಿದ್ದಳಂತೆ, ಯಾರೂ ನಂಬಿರಲಿಲ್ಲ. ಮಠದ ಬಾಗಿಲಲ್ಲೇ ಗೊತ್ತಾಯಿತಲ್ಲ ಎಂದು ಈಗ ಎಲ್ಲರೂ ನಂಬಿದ್ದರು. ಶಾಂತಮಲ್ಲ ಅಂಗಳದಲ್ಲಿ ನಿಂತು, ತಪ್ಪು ನನ್ನದು, ಅಮ್ಮನ ನೆನಪು ಸರಿಯಾಗಿದೆ ಎಂದು ಹೇಳಿದ. ದುಂಡಮ್ಮ ಅವನನ್ನೇ ಸಮಾಧಾನ ಮಾಡಿದಳು. ಮುದುಕಿಯ ಮನಸ್ಸು ನೋಯಬಾರದೆಂದು ಸುಳ್ಳು ಹೇಳಲು ಇಷ್ಟು ದೂರ ಬಂದೆಯಾ ಮಗನೇ ಎಂದಳಂತೆ. ಅವನು ಹಿಂದಿರುಗಿ ಬಂದ. ಗುಡಿಸಲಿನ ಮಾತನ್ನು ಮತ್ತೆ ಎತ್ತಲಿಲ್ಲ. ಬಾಗಿಲಲ್ಲೂ ನಿಲ್ಲಲಿಲ್ಲ. ಅವನೀಗ ಅಡುಗೆಮನೆಯಲ್ಲಿದ್ದಾನೆ, ಬಾಗಿಲ ಕೆಲಸ ನನಗೆ ಬಂದಿದೆ.

ಇನ್ನು ಕಲ್ಲುಗುಡ್ಡೆಯ ಅರ್ಥ. ಗುರುಗಳು ಬೆಟ್ಟದ ಮೇಲೆ ಒಬ್ಬನೇ ನಡೆಯುವುದನ್ನು ತಪ್ಪು ಎನ್ನಲಿಲ್ಲ, ಇದನ್ನು ಗಮನಿಸಬೇಕು. ಕಂಚುಗಾರ ಮೊದಲ ದಿನ ಬೆನ್ನಿನ ಮೇಲೆ ನಿಂತು ಅತ್ತಿದ್ದು ನಿಜವಾದದ್ದೇ. ಹಾಗಾದರೆ ಅದು ಕೆಟ್ಟಿದ್ದು ಎಲ್ಲಿಂದ ಎಂದು ಕೇಳಿದರೆ, ನನಗೆ ತೋರುವ ಮಟ್ಟಿಗೆ, ಕಲ್ಲು ಎತ್ತಿದ ದಿನದಿಂದ ಅಲ್ಲ, ಅದಕ್ಕೂ ಮೊದಲು, ಆ ಸಂಸಾರದವರು ಕರೆದು ಹಾಕಿದ ಎಲೆಯಲ್ಲಿ ಊಟ ಮಾಡುತ್ತ ಅವನು ಮನಸ್ಸಿನಲ್ಲಿ

ಬಾಗಿಲಲ್ಲಿ ಯಾರೋ ಕರೆಯುತ್ತಿದ್ದಾರೆ. ವಯಸ್ಸಾದವರ ದನಿ. ಇವತ್ತು ಬರಲು ಹೇಳಿದ್ದರೋ ನಾಳೆಯೋ ಎಂದು ಕೇಳುತ್ತಿದ್ದಾರೆ. ಒಳಗೆ ಹೋಗಿ ಗುರುಗಳನ್ನೇ ಕೇಳಿ ಬರಬೇಕು. ಬಂದ ಮೇಲೆ ಉಳಿದದ್ದನ್ನು